ಲ್ಯಾಬಮ್ಮನ ‘ಕಂಡಿದ್ದು’

ಬೆಳಗ್ಗೆ ಆರು ಹತ್ತು. ಶಾಲೆಯ ದೊಡ್ಡ ಗೇಟು ಇನ್ನೂ ತೆರೆದಿಲ್ಲ, ಪಕ್ಕದ ಕಿರುಬಾಗಿಲಿನಿಂದ ಒಳಗೆ ಬಂದವರು ಒಬ್ಬರೇ. ಮೊದಲ ಮಹಡಿಯ ಕೊನೆಯ ಕೋಣೆಯಲ್ಲಿ ಟ್ಯೂಬ್‌ಲೈಟು ಎರಡು ಸಲ ಮಿಣುಕಿ ಹೊತ್ತಿಕೊಳ್ಳುತ್ತದೆ. ಕಲ್ಲಿನ ಮೇಜು, ಸಾಲಾಗಿ ಬೋರಲು ಹಾಕಿದ ಬೀಕರುಗಳು, ಮೂಲೆಯಲ್ಲಿ ಕಂಬಿಗೆ ತೂಗುಬಿಟ್ಟ ಅಸ್ಥಿಪಂಜರ. ಮಕ್ಕಳು ಅದಕ್ಕೆ ಇಟ್ಟಿರುವ ಹೆಸರು ಸಣ್ಣಪ್ಪ. ಸಣ್ಣಪ್ಪನ ಹೆಗಲ ಮೇಲಿನ ಧೂಳು ಒರೆಸುವುದರೊಂದಿಗೆ ‘ಲ್ಯಾಬಮ್ಮ’ನ ದಿನ ಶುರುವಾಗುತ್ತದೆ.

ಇವತ್ತು ಯಾಕೋ ಸಣ್ಣಪ್ಪನ ಉಪಚಾರ ಸ್ವಲ್ಪ ಹೆಚ್ಚೇ ನಡೆದಿದೆ. ಪಕ್ಕೆಲುಬುಗಳನ್ನು ಒಂದೊಂದಾಗಿ ಒರೆಸಿ ಆಗಿದೆ. ನಿನ್ನೆಯೇ ತೊಳೆದಿಟ್ಟ ಮೂವತ್ತಾರು ಬೀಕರುಗಳನ್ನು ಇನ್ನೊಮ್ಮೆ ತೊಳೆದಾಗಿದೆ. ಎಂಟನೇ ತರಗತಿಗೆ ಬೇಕಾದ ಈರುಳ್ಳಿ ಪೊರೆ ಗಾಜಿನ ಪಟ್ಟಿಯ ಮೇಲೆ ಸಿದ್ಧವಾಗಿದೆ. ವರಾಂಡದ ಸ್ಟೂಲಿನ ಮೇಲಿರುವ ಮರದ ಪೆಟ್ಟಿಗೆಯ ಕಡೆ ಮಾತ್ರ ಅವರು ತಿರುಗಿಯೂ ನೋಡುತ್ತಿಲ್ಲ. ಅದರ ಕೀಲಿ ಅವರ ಕೊರಳಿನ ದಾರದಲ್ಲೇ ಇದೆ, ಆಗಾಗ ಕೈ ಅಲ್ಲಿಗೆ ಹೋಗಿ ವಾಪಸು ಬರುತ್ತಿದೆ.

“ತೆಗೀತೀನಿ, ತೆಗೀತೀನಿ. ಏನವಸರ? ಒಳಗಿರೋದು ಎಲ್ಲೂ ಓಡಿಹೋಗಲ್ಲ. ಇಲ್ದೇ ಇದ್ರೆ ನಾನು ನೋಡಿದ ತಕ್ಷಣ ಹುಟ್ಕೊಳೋದೂ ಇಲ್ಲ,” ಎನ್ನುತ್ತಾ ಲ್ಯಾಬಮ್ಮ ಒಣಗಿದ ಬೀಕರನ್ನೇ ಮತ್ತೆ ಒರೆಸಲು ಎತ್ತಿಕೊಳ್ಳುತ್ತಾರೆ.

ಶಾಲೆಯ ರಿಜಿಸ್ಟರಿನಲ್ಲಿ ಅವರ ಹುದ್ದೆ ಪ್ರಯೋಗಾಲಯದ ಸಹಾಯಕಿ. ಗಾಜು ತೊಳೆಯುವುದು, ರಾಸಾಯನಿಕದ ಬಾಟಲಿಗಳಿಗೆ ಚೀಟಿ ಅಂಟಿಸುವುದು, ಒಡೆದದ್ದನ್ನು ಗುಡಿಸಿ ಹಾಕುವುದು ಅವರ ಕೆಲಸ. ಆದರೆ ಶಾಲೆಯ ಆರುನೂರ ಹತ್ತು ಮಕ್ಕಳನ್ನು ಕೇಳಿ ನೋಡಿ, ಬೇರೆಯದೇ ಕೆಲಸ ಹೇಳುತ್ತಾರೆ. ಜೀವಶಾಸ್ತ್ರದಲ್ಲಿ ಏನು ಅನುಮಾನ ಬಂದರೂ, ಟೀಚರ ಮುಂದೆ ಬಾಯಿ ಬಿಡಲು ನಾಚಿಕೆಯಾದರೂ, ಒಂದು ಚೀಟಿ ಬರೆದು ಆ ಪೆಟ್ಟಿಗೆಗೆ ಹಾಕಿದರೆ ಸಾಕು. ಮಾರನೆಯ ದಿನ ಉತ್ತರ ಬರುತ್ತದೆ. ಹದಿನೇಳು ವರ್ಷಗಳಿಂದ ಹೀಗೇ ನಡೆದುಬಂದಿದೆ.

ಪೆಟ್ಟಿಗೆ ಮೊದಲು ಮೈಕ್ರೋಸ್ಕೋಪಿನ ಮನೆಯಾಗಿತ್ತು. ಮೈಕ್ರೋಸ್ಕೋಪಿಗೆ ಗಾಜಿನ ಬೀರು ಸಿಕ್ಕಮೇಲೆ ಖಾಲಿ ಬಿದ್ದಿದ್ದ ಪೆಟ್ಟಿಗೆಯನ್ನು ಲ್ಯಾಬಮ್ಮ ಮನೆಗೆ ಒಯ್ದರು. ಸೈಕಲ್ ರಿಪೇರಿ ಮಾಡುವ ಅವರ ಯಜಮಾನರು ಮುಚ್ಚಳದಲ್ಲಿ ಬೆರಳಗಲದ ಸೀಳು ಕೊರೆದು, ಹಳೆಯ ಸೈಕಲ್ಲಿನ ಬೀಗವೊಂದನ್ನು ಜೋಡಿಸಿಕೊಟ್ಟರು. ಚೀಟಿಯಲ್ಲಿ ಹೆಸರು ಬರೆಯುವಂತಿಲ್ಲ. ಕೊಡೆಯೋ, ನಕ್ಷತ್ರವೋ, ಗಾಳಿಪಟವೋ, ತಮಗೆ ತೋಚಿದ ಒಂದು ಗುರುತು ಹಾಕಬೇಕು. ಉತ್ತರದ ಮೇಲೂ ಅದೇ ಗುರುತು ಹಾಕಿ, ಮಡಿಸಿ, ಕಿಟಕಿಯಿಂದ ಕಿಟಕಿಗೆ ಕಟ್ಟಿದ ದಾರಕ್ಕೆ ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸುತ್ತಾರೆ. ಕೇಳಿದವರು ಬಂದು ತೆಗೆದುಕೊಂಡು ಹೋಗುತ್ತಾರೆ. ಎಲ್ಲರಿಗೂ ಬೇಕಾಗಬಹುದಾದ ಪ್ರಶ್ನೆಯಾದರೆ ಇನ್ನೊಂದು ಪ್ರತಿ ಬರೆದು ಬೋರ್ಡಿಗೆ ಅಂಟಿಸುತ್ತಾರೆ.

ಸಾಮಾನ್ಯ ದಿನಗಳಲ್ಲಿ ಹದಿನೈದರಿಂದ ಇಪ್ಪತ್ತು ಚೀಟಿ ಬೀಳುತ್ತವೆ, ಪರೀಕ್ಷೆ ಹತ್ತಿರ ಬಂದರೆ ನಲವತ್ತು. ಪ್ರಶ್ನೆ ಉತ್ತರ ಎರಡನ್ನೂ ಉದ್ದ ನೋಟ್‌ಬುಕ್ಕಿಗೆ ಇಳಿಸುವುದು ಅವರ ಅಭ್ಯಾಸ. ಈಗ ಇಪ್ಪತ್ತಮೂರನೆಯ ನೋಟ್‌ಬುಕ್ಕು ನಡೆಯುತ್ತಿದೆ. ಮೊದಲ ಮೂರನ್ನು ಗೆದ್ದಲು ಓದಿ ಮುಗಿಸಿತಂತೆ. ಕೊನೆಯ ಪುಟದಲ್ಲಿ ಯಾವ ಪ್ರಶ್ನೆ ಎಷ್ಟು ಸಲ ಬಂತು ಎಂದು ಗೀಟು ಎಳೆದಿದ್ದಾರೆ. ರಕ್ತ ಕೆಂಪಾಗಿದ್ದರೂ ಕೈಯ ನರ ಯಾಕೆ ನೀಲಿ ಎನ್ನುವುದೇ ಎಲ್ಲಕ್ಕಿಂತ ಮುಂದೆ, ನಾನೂರ ಹದಿನೆಂಟು ಸಲ. ಹೃದಯ ಎಡಗಡೆ ಇದೆಯೋ ನಡುವೆ ಇದೆಯೋ ಎನ್ನುವುದು ಅದರ ಬೆನ್ನಿಗೇ ಇದೆ. ಮೀನು ನೀರಲ್ಲೇ ಇದ್ದರೂ ಯಾಕೆ ಮುಳುಗಿ ಸಾಯಲ್ಲ, ಬಿಕ್ಕಳಿಕೆ ಯಾಕೆ ಬರುತ್ತೆ, ಅವಳಿ ಮಕ್ಕಳಿಗೆ ಬೆರಳಚ್ಚು ಬೇರೆ ಬೇರೆ ಯಾಕೆ, ಹೀಗೆ ಸಾಲು ಮುಂದುವರಿಯುತ್ತದೆ.

“ನಾನು ಪಾಠ ಮಾಡೋದಿಲ್ಲ ಕಣ್ರೀ. ಪಾಠ ಮೇಷ್ಟ್ರು ಮಾಡ್ತಾರೆ. ಪಾಠ ಆದ್ಮೇಲೆ ಮಕ್ಕಳ ತಲೇಲಿ ಚೂರು ಪಾರು ಉಳ್ಕೊಂಡಿರುತ್ತಲ್ಲ, ಅದನ್ನ ಗುಡಿಸೋದು ನನ್ನ ಕೆಲಸ. ನಂಗೆ ಬರೋದು ಗುಡಿಸೋದೇ ತಾನೇ,” ಎಂದು ಅವರು ನಗುತ್ತಾರೆ.

ಲ್ಯಾಬಮ್ಮ ಹತ್ತನೇ ತರಗತಿ ಫೇಲು. ಫೇಲಾದದ್ದು ಯಾವ ವಿಷಯದಲ್ಲಿ ಎಂದು ಕೇಳಿದರೆ ಬೀಕರು ಕೆಳಗಿಟ್ಟು, ಹಣೆ ಹಣೆ ಚಚ್ಚಿಕೊಳ್ಳುವಂತೆ ನಟಿಸುತ್ತಾರೆ. ಜೀವಶಾಸ್ತ್ರ! ಎರಡು ಸಲ ಕಟ್ಟಿದರು, ಎರಡು ಸಲವೂ ಅದೇ ವಿಷಯ ಕೈಕೊಟ್ಟಿತು. ಉಳಿದದ್ದೆಲ್ಲ ಪಾಸು. ಆಮೇಲೆ ಮದುವೆ, ಮನೆ, ಅತ್ತೆಯ ಕಾಯಿಲೆ ಎಂದು ಓದು ಅಲ್ಲಿಗೇ ನಿಂತಿತು. ಇಪ್ಪತ್ತಾರನೆಯ ವಯಸ್ಸಿಗೆ ಈ ಶಾಲೆಗೆ ಕಸ ಗುಡಿಸಲು ಬಂದರು. ಹಳೆಯ ಸಹಾಯಕ ನಿವೃತ್ತನಾದಾಗ, ಗಾಜಿನ ಸಾಮಾನು ಒಡೆಯದೆ ತೊಳೆಯುತ್ತಾಳೆ ಎಂಬ ಒಂದೇ ಗುಣ ನೋಡಿ ಇವರನ್ನು ಪ್ರಯೋಗಾಲಯಕ್ಕೆ ಹಾಕಿದರು. ಎಡ ಮುಂಗೈಯಲ್ಲಿ ಆಸಿಡ್ಡಿನ ಹಳೆಯ ಕಲೆಯಿದೆ. ಫಾರ್ಮಲಿನ್ ವಾಸನೆಗೆ ಮೂಗು ಎಷ್ಟು ಒಗ್ಗಿಹೋಗಿದೆಯೆಂದರೆ ಮನೆಯಲ್ಲಿ ಹಾಲು ಸೀದರೂ ಗೊತ್ತಾಗುವುದಿಲ್ಲ. ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಲ್ಯಾಬಿರುವುದೋ ಮಹಡಿಯ ಮೇಲೆ.

ಪೆಟ್ಟಿಗೆ ಹುಟ್ಟಿದ ಕಥೆ ಚಿಕ್ಕದು. ಲ್ಯಾಬಿಗೆ ಬಂದ ಎರಡನೇ ವರ್ಷ ಒಬ್ಬಳು ಹುಡುಗಿ ಪಾಠವೆಲ್ಲ ಮುಗಿದಮೇಲೆ ಒಬ್ಬಳೇ ಉಳಿದು, ಬೀಕರು ತೊಳೆಯುತ್ತಿದ್ದ ಇವರ ಹಿಂದೆ ಮುಂದೆ ಸುಳಿದಾಡಿದಳಂತೆ. ಕೊನೆಗೆ ಗೋಡೆಯ ಕಡೆ ಮುಖ ಮಾಡಿ, ಮುಟ್ಟಾದಾಗ ಓಟದ ಸ್ಪರ್ಧೆಗೆ ಹೋದರೆ ಏನಾದರೂ ಆಗುತ್ತಾ ಎಂದು ಕೇಳಿದಳು. ಪುಸ್ತಕದಲ್ಲಿ ಚಿತ್ರವಿತ್ತು, ಭಾಗಗಳ ಹೆಸರುಗಳಿದ್ದವು, ಅವಳ ಪ್ರಶ್ನೆಗೆ ಮಾತ್ರ ಉತ್ತರ ಇರಲಿಲ್ಲ. “ಧಾರಾಳವಾಗಿ ಓಡು ಪುಟ್ಟಾ, ಹೊಟ್ಟೆ ನೋವಿದ್ರೆ ಮಾತ್ರ ಕೂತ್ಕೋ ಅಂದೆ. ಅವಳು ಓಡಿದಳು. ಗೆದ್ದಳೋ ಇಲ್ವೋ ನೆನಪಿಲ್ಲ. ಆದ್ರೆ ಗೋಡೆ ಕಡೆ ಮುಖ ಮಾಡ್ಕೊಂಡು ಕೇಳಿದ್ದು ಮಾತ್ರ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಗೋಡೆ ಬದಲು ಒಂದು ಪೆಟ್ಟಿಗೆ ಇಟ್ರೆ ಆಯ್ತಲ್ಲ ಅನ್ನಿಸ್ತು.”

ಆ ದಿನದಿಂದ ಒಂದು ಪದ್ಧತಿ ಬೆಳೆಯಿತು. ಲ್ಯಾಬಮ್ಮನ ಉತ್ತರದ ಚೀಟಿಯ ಕೆಳಗೆ ಸಹಿ ಇರುವುದಿಲ್ಲ, ಒಂದು ಪದವಿರುತ್ತದೆ. ಸ್ವತಃ ಮಾಡಿ ನೋಡಿದ್ದಾದರೆ ‘ಕಂಡಿದ್ದು’. ಪುಸ್ತಕದಿಂದ ತೆಗೆದಿದ್ದಾದರೆ ‘ಓದಿದ್ದು’. ಮೇಷ್ಟ್ರನ್ನೋ ಡಾಕ್ಟರನ್ನೋ ಕೇಳಿ ತಿಳಿದಿದ್ದಾದರೆ ‘ಕೇಳಿದ್ದು’. ಆ ಓಟದ ಹುಡುಗಿಯಂಥವರ ಪ್ರಶ್ನೆಗೆ ‘ಅನುಭವಿಸಿದ್ದು’. ಎರೆಹುಳುವನ್ನು ಎರಡು ತುಂಡು ಮಾಡಿದರೆ ಎರಡು ಹುಳು ಆಗುತ್ತಾ ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಆಗುವುದಿಲ್ಲ ಎಂದು ಬರೆದು, ಕೆಳಗೆ ‘ಓದಿದ್ದು. ಕತ್ತರಿಸಿ ನೋಡೋದಿಲ್ಲ, ನೀನೂ ನೋಡಬೇಡ’ ಎಂದು ಸೇರಿಸುತ್ತಾರೆ.

ನಾಲ್ಕರಲ್ಲಿ ಅವರಿಗೆ ಜೀವವೆಂದರೆ ‘ಕಂಡಿದ್ದು’. ಅದಕ್ಕಾಗಿ ಮನೆಯ ಅಡುಗೆಕಟ್ಟೆಯನ್ನೂ ಬಿಟ್ಟಿಲ್ಲ. ಬ್ರೆಡ್ಡಿನ ಮೇಲೆ ಬೂಷ್ಟು ಎಷ್ಟು ದಿನಕ್ಕೆ ಬರುತ್ತದೆ ಎಂದು ಯಾರೋ ಕೇಳಿದ್ದಕ್ಕೆ ನಾಲ್ಕು ಡಬ್ಬಿ ಸಾಲಾಗಿ ಇಟ್ಟಿದ್ದರು, ಒಂದು ಒದ್ದೆ, ಒಂದು ಒಣ, ಒಂದು ಬೆಳಕಲ್ಲಿ, ಒಂದು ಕತ್ತಲಲ್ಲಿ. ಎಂಬತ್ತು ದಾಟಿದ ಅತ್ತೆ ಆ ಡಬ್ಬಿಗಳನ್ನು ಕಂಡರೆ ಈಗಲೂ ಮೂಗು ಮುರಿಯುತ್ತಾರೆ. “ಎಲ್ಲರ ಮನೇಲಿ ಬೂಷ್ಟು ಹಿಡಿದ್ರೆ ಎಸೀತಾರೆ. ನನ್ನ ಸೊಸೆ ದಿನಾ ಬೆಳಗ್ಗೆ ಎದ್ದು ಅದರ ಯೋಗಕ್ಷೇಮ ವಿಚಾರಿಸ್ತಾಳೆ. ನನ್ನ ಮಾತ್ರೆ ಆಯ್ತಾ ಅಂತ ಆಮೇಲೆ ಕೇಳೋದು.” ಹೀಗೆನ್ನುವ ಅತ್ತೆಯೇ ಸೊಸೆ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಡಬ್ಬಿಯ ಮುಚ್ಚಳ ತೆಗೆದು ಬೂಷ್ಟಿನ ಬಣ್ಣ ನೋಡುತ್ತಾರೆಂದು ಲ್ಯಾಬಮ್ಮನ ಯಜಮಾನರ ಸಾಕ್ಷಿಯಿದೆ.

ಈ ‘ಕಂಡಿದ್ದು’ ಎನ್ನುವ ಪದವೇ ಆರು ವಾರದ ಹಿಂದೆ ಲ್ಯಾಬಮ್ಮನನ್ನು ಇಕ್ಕಟ್ಟಿಗೆ ಸಿಕ್ಕಿಸಿತು.

ಕೊಡೆಯ ಗುರುತಿನ ಚೀಟಿಯೊಂದು ಬಂದಿತ್ತು. ಗಿಡ ಹಗಲಲ್ಲೂ ಉಸಿರಾಡುತ್ತಾ ಎನ್ನುವುದು ಪ್ರಶ್ನೆ. ಅದೇ ವಾರ ಬೇರೆ ಬೇರೆ ಗುರುತಿನ ಇನ್ನೂ ನಾಲ್ಕು ಚೀಟಿಗಳು ಅದನ್ನೇ ಕೇಳಿದವು. ಸರಿ, ನೋಡೇಬಿಡೋಣ ಎಂದು ಲ್ಯಾಬಮ್ಮ ತಯಾರಾದರು. ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಅದು ಸೋಕಿದರೆ ಸುಣ್ಣದ ತಿಳಿನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಇಷ್ಟು ಅವರಿಗೆ ಗೊತ್ತಿತ್ತು. ಕುಂಡದ ಗಿಡವೊಂದನ್ನು ತಂದು, ಮಣ್ಣಿನ ಗಾಳಿ ಬೆರೆಯದಿರಲೆಂದು ಕುಂಡಕ್ಕೆ ಪ್ಲಾಸ್ಟಿಕ್ ಸುತ್ತಿ, ಪಕ್ಕದಲ್ಲಿ ಒಂದು ಬಟ್ಟಲು ತಿಳಿನೀರಿಟ್ಟು, ಎರಡರ ಮೇಲೂ ಗಾಜಿನ ದೊಡ್ಡ ಜಾಡಿ ಬೋರಲು ಹಾಕಿ ಬಿಸಿಲಿನ ಕಿಟಕಿಯಲ್ಲಿಟ್ಟರು. ಸಂಜೆ ನಾಲ್ಕಕ್ಕೆ ನೋಡಿದರೆ ನೀರು ತಿಳಿಯಾಗಿಯೇ ಇತ್ತು. ಮಾರನೆಯ ದಿನ ಅದೇ ಜಾಡಿಗೆ ಕಪ್ಪು ಬಟ್ಟೆ ಹೊದಿಸಿಟ್ಟರು. ಸಂಜೆಗೆ ನೀರು ಬೆಳ್ಳಗಾಗಿತ್ತು.

ಇನ್ನೇನು ಬೇಕು? ‘ಗಿಡ ಬೆಳಕಿನಲ್ಲಿ ಉಸಿರಾಡುವುದಿಲ್ಲ, ಕತ್ತಲಲ್ಲಿ ಮಾತ್ರ ಉಸಿರಾಡುತ್ತದೆ. ಕಂಡಿದ್ದು’ ಎಂದು ದೊಡ್ಡಕ್ಷರದಲ್ಲಿ ಬರೆದು ಬೋರ್ಡಿಗೆ ಹಾಕಿದರು.

ತಿಂಗಳ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಜೀವಶಾಸ್ತ್ರದ ಮೇಷ್ಟ್ರು ಮೊದಲ ಉತ್ತರಪತ್ರಿಕೆ ತೆಗೆದರು, ತಪ್ಪು. ಎರಡನೆಯದೂ ತಪ್ಪು, ಮೂರನೆಯದೂ ತಪ್ಪು, ಅದೂ ಒಂದಕ್ಷರ ಬಿಡದ ಹಾಗೆ ಒಂದೇ ತಪ್ಪು. ಹತ್ತನೇ ತರಗತಿಯ ಮೂರು ವಿಭಾಗಗಳ ನೂರ ಹನ್ನೆರಡು ಮಕ್ಕಳಲ್ಲಿ ಅರವತ್ತೊಂದು ಮಂದಿ ‘ಕತ್ತಲಲ್ಲಿ ಮಾತ್ರ’ ಎಂದು ಬರೆದಿದ್ದರು. ಅವರಲ್ಲಿ ಒಂಬತ್ತು ಜನ ಉತ್ತರದ ಕೊನೆಗೆ ‘ಕಂಡಿದ್ದು’ ಎಂದೂ ಬರೆದಿದ್ದರು! ಆ ಪದ ನೋಡಿದ ಮೇಲೆ ನಕಲಿನ ಮೂಲ ಹುಡುಕಲು ಮೇಷ್ಟ್ರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಪುಸ್ತಕದಲ್ಲಿ ಸರಿಯಾಗಿಯೇ ಇದೆಯಲ್ಲ, ಅದನ್ನು ಬಿಟ್ಟು ಇದನ್ನು ಯಾಕೆ ಬರೆದಿರಿ ಎಂದು ತರಗತಿಯಲ್ಲಿ ಕೇಳಿದಾಗ ಸಿಕ್ಕ ಉತ್ತರ ಅವರಿಗೆ ಈಗಲೂ ನಗು ತರಿಸುತ್ತದೆ. “ಪುಸ್ತಕದ್ದು ಬರೀ ಓದಿದ್ದು ಸಾರ್, ಲ್ಯಾಬಮ್ಮಂದು ಕಂಡಿದ್ದು.”

ಆ ದಿನ ಮಾತ್ರ ಅವರು ನಗಲಿಲ್ಲ. ಉತ್ತರಪತ್ರಿಕೆಗಳ ಕಟ್ಟು ಹಿಡಿದು ನೇರ ಲ್ಯಾಬಿಗೆ ಬಂದರು. “ಅಮ್ಮಾ, ಗಿಡ ಹಗಲೂ ರಾತ್ರಿ ಉಸಿರಾಡುತ್ತೆ. ಹಗಲು ದ್ಯುತಿಸಂಶ್ಲೇಷಣೆ ಜೋರಾಗಿ ನಡೆಯೋದ್ರಿಂದ ಉಸಿರಾಡಿದ್ದು ಹೊರಗೆ ಕಾಣಲ್ಲ, ಅಷ್ಟೇ,” ಎಂದರು. ಲ್ಯಾಬಮ್ಮ ಒಪ್ಪಲಿಲ್ಲ. ಒಪ್ಪುವುದು ಹೇಗೆ? ಕಣ್ಣಾರೆ ನೋಡಿದ್ದರಲ್ಲ. “ಸಾರ್ ಮೇಲೆ ನಂಗೆ ಗೌರವ ಇದೆ. ಆದ್ರೆ ನನ್ನ ಕಣ್ಣಿಗಿಂತ ಅವರ ಬಾಯಿ ದೊಡ್ಡದಾ ಅಂತ ಒಳಗೊಳಗೇ ಕುದೀತಿತ್ತು. ಸುಳ್ಳು ಯಾಕೆ ಹೇಳ್ಲಿ, ಎರಡು ದಿನ ಅವರ ಮುಖ ನೋಡಿ ಮಾತಾಡ್ಲಿಲ್ಲ.”

ಮೂರನೆಯ ದಿನ ಕೊಡೆಯ ಗುರುತಿನವಳೇ ಬಂದಳು. ಹೆಸರು ಹೇಳದ ನಿಯಮವನ್ನು ತಾನೇ ಮುರಿದು ಮೇಜಿನ ಮುಂದೆ ನಿಂತ ಎರಡು ಜಡೆಯ ಹುಡುಗಿ. ಅವಳಿಗೂ ಅಂಕ ಹೋಗಿತ್ತು, ಆದರೆ ದೂರಲು ಬಂದಿರಲಿಲ್ಲ.

“ಲ್ಯಾಬಮ್ಮ, ಕುಂಡಕ್ಕೆ ಪ್ಲಾಸ್ಟಿಕ್ ಸುತ್ತಿದ್ರಲ್ಲ?”

“ಹೂಂ, ಸುತ್ತಿದ್ದೆ.”

“ಹಾಗಾದ್ರೆ ಬೇರು ಒಳಗೇ ಉಳೀತಲ್ಲ. ಬೇರಿಗೆ ಹಗಲೂ ಕತ್ತಲೇ, ರಾತ್ರೀನೂ ಕತ್ತಲೇ. ಅದು ಯಾವಾಗ ಉಸಿರಾಡುತ್ತೆ?”

ಬೇರು ಹಗಲಲ್ಲೂ ಉಸಿರಾಡುವುದಾದರೆ, ಗಿಡ ಹಗಲು ಉಸಿರಾಡುವುದಿಲ್ಲ ಎಂದು ಹೇಳುವುದು ಹೇಗೆ? ಬೇರೂ ಗಿಡವೇ ತಾನೇ. ಅವತ್ತೇ ಮಧ್ಯಾಹ್ನ ಲ್ಯಾಬಮ್ಮ ಮೂರು ಜಾಡಿ ತೆಗೆದರು. ಒಂದರಲ್ಲಿ ಮೊಳಕೆ ಬಂದ ಕಾಳು, ಒಂದರಲ್ಲಿ ಗುಲಾಬಿಯ ಪಕಳೆ, ಒಂದು ಖಾಲಿ. ಮೂರರಲ್ಲೂ ಸುಣ್ಣದ ತಿಳಿನೀರು. ಮೂರನ್ನೂ ಮಾರನೆಯ ಬೆಳಗ್ಗೆ ಸುಡುಬಿಸಿಲಿನ ಕಿಟಕಿಯಲ್ಲೇ ಸಾಲಾಗಿ ಇಟ್ಟರು. ಸಂಜೆಗೆ ಕಾಳಿನ ಜಾಡಿಯ ನೀರು ಬೆಳ್ಳಗಾಗಿತ್ತು. ಪಕಳೆಯದು ಸ್ವಲ್ಪ ಕಮ್ಮಿ, ಆದರೂ ಬೆಳ್ಳಗೇ. ಖಾಲಿ ಜಾಡಿಯದು ತಿಳಿ.

ಹಸಿರಿಲ್ಲದ ಭಾಗವೆಲ್ಲ ಹಗಲಲ್ಲೂ ಉಸಿರಾಡುತ್ತಿದೆ. ಹಾಗಿದ್ದಮೇಲೆ ಹಸಿರೆಲೆ ಒಂದೇ ಉಸಿರು ಬಿಗಿಹಿಡಿದು ಕೂರುತ್ತದೆಯೇ? ಮೇಷ್ಟ್ರು ಹೇಳಿದ ಮಾತು ಆಗ ಒಂದೊಂದಾಗಿ ತಲೆಗಿಳಿಯಿತು ಎನ್ನುತ್ತಾರೆ. “ಎಲೆ ಉಸಿರಾಡುತ್ತೆ. ಬಿಟ್ಟ ಗಾಳೀನ ಆಹಾರ ಮಾಡ್ಕೊಳ್ಳೋಕೆ ತಾನೇ ತಗೊಂಡ್ಬಿಡುತ್ತೆ, ಸಾಲದು ಅಂತ ಹೊರಗಿಂದಾನೂ ಎಳ್ಕೊಳುತ್ತೆ. ಅಡುಗೆಮನೇಲಿ ಮಾಡಿದ್ದನ್ನ ಅಡುಗೆಮನೇಲೇ ತಿಂದು ಮುಗಿಸಿದ್ರೆ ಹೊರಗೆ ಕೂತಿರೋರ ತಟ್ಟೆಗೆ ಏನು ಬರುತ್ತೆ? ಏನೂ ಬರ್ಲಿಲ್ಲ ಅಂತ ಒಲೇನೇ ಹಚ್ಚಿಲ್ಲ ಅಂದ್ಬಿಟ್ಟೆ ನಾನು. ನೀರು ತಿಳಿಯಾಗಿದ್ದಿದ್ದು ನಾನು ಕಂಡಿದ್ದು. ಉಸಿರಾಡಲ್ಲ ಅನ್ನೋದು ಕಂಡಿದ್ದಲ್ಲ, ಅಂದ್ಕೊಂಡಿದ್ದು. ಎರಡನ್ನೂ ಸೇರಿಸಿ ಒಂದೇ ಪದ ಬರೆದ್ಬಿಟ್ಟೆ.”

ಅಷ್ಟರಲ್ಲಿ ವಿಷಯ ಹೆಡ್ ಮೇಡಂ ಕೋಣೆ ಮುಟ್ಟಿತ್ತು. ಲ್ಯಾಬ್ ತೊಳೆಯುವವರು ಪಾಠ ಹೇಳಿಕೊಡುವುದು ಯಾವ ನ್ಯಾಯ ಎಂದು ಒಬ್ಬ ತಂದೆ ಬಂದು ಮೇಜು ಕುಟ್ಟಿ ಹೋಗಿದ್ದರು. ದೊಡ್ಡ ಪರೀಕ್ಷೆಗೆ ಉಳಿದಿದ್ದು ಮೂರು ವಾರ. ಗಣಿತ ಕಲಿಸುತ್ತಿದ್ದ ಹೆಡ್ ಮೇಡಂ ಮಿತಭಾಷಿ, ಹಸಿರು ಇಂಕಿನಲ್ಲಿ ಎರಡು ಸಾಲು ಬರೆದರೆ ಮುಗಿಯಿತು. ಪೆಟ್ಟಿಗೆ ತೆಗೆದು ಸ್ಟೋರಿಗೆ ಹಾಕಿ ಎಂದರು. ಲ್ಯಾಬಮ್ಮ ವಾದ ಮಾಡಲಿಲ್ಲ, ಒಂದೇ ಕೇಳಿಕೊಂಡರು: ತೆಗೆಯುವ ಮೊದಲು ಮೂರೂ ತರಗತಿಗೆ ಹೋಗಿ ತಪ್ಪು ಒಪ್ಪಿಕೊಂಡು ಬರಲು ಬಿಡಿ.

ಕಳೆದ ಸೋಮವಾರ ಅವರು ಹೋದರು. ಇಷ್ಟೂ ವರ್ಷ ಅದೇ ವರಾಂಡ ಗುಡಿಸಿದವರು ಮೊದಲ ಬಾರಿಗೆ ಕಪ್ಪುಹಲಗೆಯ ಮುಂದೆ ನಿಂತರು. ಒಂದು ಕೈಯಲ್ಲಿ ಕಾಳಿನ ಜಾಡಿ, ಇನ್ನೊಂದರಲ್ಲಿ ಬೋರ್ಡಿನಿಂದ ಕಿತ್ತ ಚೀಟಿ. ಚೀಟಿ ಓದಿದರು, ಇದು ತಪ್ಪು ಎಂದರು, ಎಲ್ಲಿ ತಪ್ಪಿದೆ ಎಂದು ಜಾಡಿ ತೋರಿಸಿ ಹೇಳಿದರು. ನನ್ನಿಂದ ನಿಮಗೆ ಅಂಕ ಹೋಯಿತು, ದೊಡ್ಡ ಪರೀಕ್ಷೆಯಲ್ಲಿ ಹೋಗಬಾರದು ಎಂದರು. ಮಕ್ಕಳು ನಗುತ್ತಾರೆಂದು ಲ್ಯಾಬಮ್ಮ ಹೆದರಿದ್ದರು, ಮೂರು ತರಗತಿಯಲ್ಲೂ ಯಾರೂ ನಗಲಿಲ್ಲ.

ಕೊನೆಯ ತರಗತಿಯ ಬಾಗಿಲಲ್ಲಿ ಹೆಡ್ ಮೇಡಂ ನಿಂತಿದ್ದರು, ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. “ಶುಕ್ರವಾರದವರೆಗೆ ಪೆಟ್ಟಿಗೆ ಅಲ್ಲೇ ಇರಲಿ. ಬೀಗ ತೆಗೀಬೇಡಿ. ಮಕ್ಕಳಿಗೆ ಇನ್ನೂ ನಿಮ್ಮ ಮೇಲೆ ನಂಬಿಕೆ ಇದ್ದರೆ ಚೀಟಿ ಹಾಕ್ತಾರೆ. ಹಾಕಿದ್ರೆ ಇರಲಿ, ಬೋರ್ಡಿಗೆ ಹೋಗೋದು ಮಾತ್ರ ಮೇಷ್ಟ್ರ ಸಹಿ ಆದಮೇಲೆ. ಖಾಲಿ ಇದ್ದರೆ ಸ್ಟೋರಿಗೆ,” ಎಂದರು.

ಇವತ್ತು ಶುಕ್ರವಾರ.

ಒರೆಸಲು ಇನ್ನು ಒಂದು ಬೀಕರೂ ಉಳಿದಿಲ್ಲ. ಗಂಟೆ ಆರೂ ಐವತ್ತು. ಕಿಟಕಿಯಿಂದ ಕಿಟಕಿಗೆ ಕಟ್ಟಿದ ದಾರ ನಾಲ್ಕು ದಿನದಿಂದ ಬರಿದಾಗಿದೆ, ಕ್ಲಿಪ್ಪುಗಳು ಒಂದು ತುದಿಗೆ ಜಾರಿ ಒಟ್ಟಾಗಿ ಕೂತಿವೆ. ಪೆಟ್ಟಿಗೆ ಹೋದರೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ ಲ್ಯಾಬಮ್ಮ ಬೀರುವಿನ ಬಾಗಿಲು ಮುಚ್ಚುತ್ತಾರೆ.

“ಏನೂ ಆಗಲ್ಲ. ಗಾಜು ತೊಳ್ಕೊಂಡಿರ್ತೀನಿ. ಸಂಬಳ ಅದಕ್ಕೇ ಕೊಡೋದು.” ಬೀರುವಿನ ಗಾಜಿನಲ್ಲಿ ತಮ್ಮ ಮುಖ ನೋಡಿಕೊಂಡು ಮುಂದುವರಿಸುತ್ತಾರೆ. “ಆದ್ರೆ ಒಂದು ಹೇಳ್ತೀನಿ. ಎರಡು ಸಲ ಫೇಲಾದಾಗ ನಾನು ದಡ್ಡಿ ಅಂತ ನಾನೇ ತೀರ್ಮಾನ ಮಾಡ್ಬಿಟ್ಟಿದ್ದೆ. ಈ ಮಕ್ಕಳು ಚೀಟಿ ಹಾಕೋಕೆ ಶುರು ಮಾಡಿದ್ಮೇಲೆ ಗೊತ್ತಾಯ್ತು, ನಂಗೂ ಇದೇ ಪ್ರಶ್ನೆಗಳಿದ್ವು. ಯಾರನ್ನೂ ಕೇಳಿರ್ಲಿಲ್ಲ ಅಷ್ಟೇ. ಅವು ಕೇಳ್ತವೆ, ಅವರ ನೆಪದಲ್ಲಿ ನಾನು ಓದ್ತೀನಿ. ಪೆಟ್ಟಿಗೆ ಹೋದ್ರೆ ಅವರಿಗೆ ಮೇಷ್ಟ್ರಿದಾರೆ. ನಂಗ್ಯಾರಿದಾರೆ?” ಕಣ್ಣು ತುಂಬಿಬಂದದ್ದನ್ನು ಅವರು ಮರೆಮಾಡುವುದಿಲ್ಲ, ಬೀಕರು ಒರೆಸಿದ ಬಟ್ಟೆಯ ಒಣಗಿದ ತುದಿಯಲ್ಲೇ ಒರೆಸಿಕೊಳ್ಳುತ್ತಾರೆ. ಬೇರೇನಾದರೂ ಆಸೆ ಇದೆಯೇ ಎಂದರೆ ನಾಚಿಕೊಳ್ಳುತ್ತಾರೆ. ಹತ್ತನೇ ತರಗತಿಯ ಜೀವಶಾಸ್ತ್ರವನ್ನು ಇನ್ನೊಂದು ಸಲ ಬರೆಯಬೇಕಂತೆ, ಪಾಸಾಗುವುದಕ್ಕಲ್ಲ, ಪೇಪರಿನಲ್ಲಿ ಏನು ಕೇಳುತ್ತಾರೆಂಬ ಕುತೂಹಲಕ್ಕೆ.

ಕೊನೆಗೂ ವರಾಂಡಕ್ಕೆ ಹೋಗುತ್ತಾರೆ. ಪೆಟ್ಟಿಗೆಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಹಗುರಾಗಿದೆ. ಕೊರಳಿನ ದಾರದ ಕೀಲಿಯಿಂದ ಬೀಗ ತೆಗೆಯುತ್ತಾರೆ.

ಒಳಗೆ ನಾಲ್ಕು ಚೀಟಿಗಳಿವೆ. ಒಂದೇ ದಿನಕ್ಕೆ ಇಪ್ಪತ್ತು ಬೀಳುತ್ತಿದ್ದ ಪೆಟ್ಟಿಗೆಯಲ್ಲಿ ನಾಲ್ಕು ದಿನಕ್ಕೆ ನಾಲ್ಕು. ಲ್ಯಾಬಮ್ಮ ಅವನ್ನು ಕಲ್ಲುಮೇಜಿನ ಮೇಲೆ ಬಿಡಿಸಿ, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಬೀಕರಿಡುತ್ತಾರೆ.

ಮೊದಲನೆಯದು ಹೊಸ ಕೈಬರಹ, ಐದನೇ ತರಗತಿಯ ಯಾರೋ ಇರಬೇಕು. ಕೈಯ ನರ ಯಾಕೆ ನೀಲಿ? “ನಾನೂರ ಹತ್ತೊಂಬತ್ತು,” ಎಂದು ಅವರ ಮುಖ ಅರಳುತ್ತದೆ. ಎರಡನೆಯದರಲ್ಲಿ ಕೊಡೆ. ಬೇರು ಉಸಿರಾಡೋದಾದರೆ, ಕುಂಡಕ್ಕೆ ನೀರು ಜಾಸ್ತಿ ಹಾಕಿದಾಗ ಗಿಡ ಸಾಯೋದು ಉಸಿರುಕಟ್ಟಿಯಾ? “ನೋಡಿ ಇವಳನ್ನ! ಇವಳು ನನ್ನನ್ನ ಬಿಡೋದಿಲ್ಲ,” ಎಂದು ಎರಡು ಹೊಸ ಕುಂಡ ಬೇಕೆಂದು ಅಂಗೈ ಮೇಲೆ ಬರೆದುಕೊಳ್ಳುತ್ತಾರೆ.

ಮೂರನೆಯದರಲ್ಲಿ ಗಾಳಿಪಟದ ಗುರುತು. ಪ್ರಶ್ನೆಯಿಲ್ಲ, ಎರಡು ಸಾಲು ಮಾತ್ರ. ‘ನಾನು ಪರೀಕ್ಷೆಯಲ್ಲಿ ಕಂಡಿದ್ದು ಅಂತ ಬರೆದೆ. ನಾನು ಕಂಡೇ ಇರಲಿಲ್ಲ, ನಿಮ್ಮದು ನಕಲು ಮಾಡಿದ್ದು, ಅದಕ್ಕೆ ನಂದೂ ತಪ್ಪು.’ ಇದನ್ನು ಲ್ಯಾಬಮ್ಮ ಎರಡು ಸಲ ಓದುತ್ತಾರೆ, ಆಮೇಲೆ ಮಡಿಸಿ ಇಪ್ಪತ್ತಮೂರನೆಯ ನೋಟ್‌ಬುಕ್ಕಿನೊಳಗೆ ಇಡುತ್ತಾರೆ.

ನಾಲ್ಕನೆಯ ಚೀಟಿಯಲ್ಲಿ ಯಾವ ಗುರುತೂ ಇಲ್ಲ. ಬೇಕಾಗಿಯೂ ಇಲ್ಲ, ಅಕ್ಷರ ಹಸಿರು ಇಂಕಿನವು. ‘ಕೂದಲು ಕತ್ತರಿಸಿದರೆ ನೋಯುವುದಿಲ್ಲ, ಕಿತ್ತರೆ ನೋಯುತ್ತದೆ. ಯಾಕೆ? ಚಿಕ್ಕಂದಿನಲ್ಲಿ ಕೇಳಬೇಕೆಂದಿದ್ದೆ, ಕೇಳಲಿಲ್ಲ.’

ಲ್ಯಾಬಮ್ಮ ಸ್ಟೂಲಿನ ಮೇಲೆ ಕೂತುಬಿಡುತ್ತಾರೆ. “ಪಾಪ ಅಂತ ಹಾಕಿದ್ರೋ, ನಿಜವಾಗ್ಲೂ ಗೊತ್ತಿಲ್ದೆ ಹಾಕಿದ್ರೋ, ಅವರಿಗೇ ಗೊತ್ತು,” ಎನ್ನುತ್ತಾರೆ. ನಂತರ ಸಾವರಿಸಿಕೊಂಡು, “ಪ್ರಶ್ನೆ ಮಾತ್ರ ಚೆನ್ನಾಗಿದೆ,” ಎನ್ನುತ್ತಾರೆ. ಕೈ ಆಗಲೇ ತಲೆಗೆ ಹೋಗಿದೆ. ಕಿವಿಯ ಹಿಂದಿನ ಒಂದು ಬಿಳಿಕೂದಲನ್ನು ಬೆರಳಿಗೆ ಸುತ್ತಿ, ಕಣ್ಣು ಮುಚ್ಚಿ, ಎಳೆಯುತ್ತಾರೆ. “ಅಯ್ಯಯ್ಯೋ!”

ಕೂದಲು ಗಾಜಿನ ಪಟ್ಟಿಯ ಮೇಲೆ, ಪಟ್ಟಿ ಮೈಕ್ರೋಸ್ಕೋಪಿನ ಕೆಳಗೆ. ಒಂದು ಕಣ್ಣು ಮುಚ್ಚಿ ತಿರುಪನ್ನು ಹಿಂದೆ ಮುಂದೆ ತಿರುಗಿಸುತ್ತಾ ಅವರು ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಪುಸ್ತಕ ತೆಗೆದು ಚರ್ಮದ ಪಾಠ ಓದುತ್ತಾರೆ, ಮತ್ತೆ ಮೈಕ್ರೋಸ್ಕೋಪಿಗೆ ಬಾಗುತ್ತಾರೆ. ಮೊದಲಾದರೆ ಚೀಟಿಗೊಂದು ಪದ ಸಾಕಾಗುತ್ತಿತ್ತು. ಈಗ ವಾಕ್ಯಕ್ಕೊಂದು ಬರೆಯುತ್ತಾರೆ.

‘ಕಿತ್ತ ಕೂದಲಿನ ಬುಡದಲ್ಲಿ ಬೆಳ್ಳಗಿನ ಸಣ್ಣ ಗಂಟಿದೆ. ಕಂಡಿದ್ದು. ಹೊರಗೆ ಕಾಣುವ ಎಳೆಯಲ್ಲಿ ಜೀವವಿಲ್ಲ, ನರವೂ ಇಲ್ಲ, ಅದಕ್ಕೇ ಕತ್ತರಿಸಿದರೆ ನೋಯುವುದಿಲ್ಲ. ಓದಿದ್ದು. ಬುಡದ ಸುತ್ತ ಚರ್ಮದೊಳಗೆ ನರಗಳಿವೆ, ಅವು ನನಗೆ ಕಾಣಲಿಲ್ಲ. ಓದಿದ್ದು. ಕಿತ್ತಾಗ ನೋವಾಯಿತು. ಅನುಭವಿಸಿದ್ದು.’

ಏಳೂವರೆಗೆ ಜೀವಶಾಸ್ತ್ರದ ಮೇಷ್ಟ್ರು ಮೆಟ್ಟಿಲು ಹತ್ತಿ ಬರುತ್ತಾರೆ. ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿ, ಒಂದಕ್ಷರವನ್ನೂ ತಿದ್ದದೆ ಕೆಳಗೆ ಸಹಿ ಹಾಕುತ್ತಾರೆ. ಆಮೇಲೆ ಪ್ರಶ್ನೆಯ ಚೀಟಿಯ ಹಸಿರು ಇಂಕು ಕಣ್ಣಿಗೆ ಬಿದ್ದು ಹುಬ್ಬೇರಿಸುತ್ತಾರೆ.

“ಇದನ್ನ ಹೆಡ್ ಮೇಡಂ ಕೋಣೆಗೆ ಕಳಿಸಿಕೊಡ್ಲಾ ಅಮ್ಮ?”

ಲ್ಯಾಬಮ್ಮ ಉತ್ತರದ ಚೀಟಿಯನ್ನು ಅವರ ಕೈಯಿಂದ ತೆಗೆದುಕೊಂಡು ನಾಲ್ಕಾಗಿ ಮಡಿಸುತ್ತಾರೆ. ಕೇಳಿದವರು ಗುರುತು ಹಾಕಿಲ್ಲದ್ದರಿಂದ ಅದರ ಮೇಲೆ ತಾವೇ ಒಂದು ಪುಟ್ಟ ಕೂದಲೆಳೆಯ ಗುರುತು ಬರೆಯುತ್ತಾರೆ. ತುದಿಗೆ ಜಾರಿದ್ದ ಕ್ಲಿಪ್ಪುಗಳಲ್ಲಿ ಒಂದನ್ನು ಎಳೆದು ದಾರದ ನಟ್ಟನಡುವೆ ತರುತ್ತಾರೆ.

“ಬೇಡ ಸಾರ್. ಕೇಳಿದೋರು ಯಾರೇ ಆಗ್ಲಿ, ಇಲ್ಲಿಗೇ ಬಂದು ತಗೊಂಡು ಹೋಗ್ಬೇಕು.”